ಹಳೆ ಕ್ಯಾಮರೋಗೆ ಎಲ್‌ಎಸ್ ಎಂಜಿನ್: ಹೆಡರ್ ಕೂರಿಸಿದ ಮೇಲೆ ಕಾಣುವ ದೋಷಗಳನ್ನು ಹುಡುಕುವ ಬಗೆ

1967ರಿಂದ 1969ರವರೆಗಿನ ಶೆವರ್ಲೆ ಕ್ಯಾಮರೋದಿಂದ ಹಳೆಯ ಸ್ಮಾಲ್ ಬ್ಲಾಕ್ ಅಥವಾ ಆರು ಸಿಲಿಂಡರಿನ ಎಂಜಿನ್ ಇಳಿಸಿ, ಅದೇ ಕಂಪನಿಯ ಎಲ್‌ಎಸ್ ವಿ8 ಕೂರಿಸುವುದು ಅಮೆರಿಕದ ಗ್ಯಾರೇಜುಗಳಲ್ಲಿ ದಿನನಿತ್ಯದ ಕೆಲಸವಾಗಿಬಿಟ್ಟಿದೆ. 1997ರಲ್ಲಿ ಕಾರ್ವೆಟ್ ಜೊತೆ ಬಂದ 5.7 ಲೀಟರಿನ ಎಲ್‌ಎಸ್1 ಈ ಕುಟುಂಬದ ಮೊದಲನೆಯದು. ಪಿಕಪ್ ಟ್ರಕ್ಕುಗಳಲ್ಲಿ ಬಂದ 4.8, 5.3, 6.0 ಲೀಟರಿನವೂ ಇದೇ ಮನೆಯವು. ಗುಜರಿಯಲ್ಲಿ ಸುಲಭವಾಗಿ ಸಿಗುವುದು 5.3. ಎಂಜಿನ್ ಕೂರುತ್ತದೆ, ಗೇರ್‌ಬಾಕ್ಸ್ ಸೇರುತ್ತದೆ, ವೈರಿಂಗ್ ಮುಗಿಯುತ್ತದೆ. ಕೊನೆಗೆ ಹೆಡರ್ (ಸಿಲಿಂಡರುಗಳ ಹೊಗೆಯನ್ನು ಬೇರೆ ಬೇರೆ ಕೊಳವೆಗಳಲ್ಲಿ ತಂದು ಒಂದಾಗಿಸುವ ಭಾಗ) ಹಾಕಿ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ ಟಿಕ್ ಟಿಕ್ ಎಂಬ ಸದ್ದು, ಇಲ್ಲವೇ ಸ್ಕ್ಯಾನರಿನಲ್ಲಿ ಲೀನ್ ಕೋಡ್ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲದು ಎಂಬ ಸೂಚನೆ), ಇಲ್ಲವೇ ಅರ್ಧ ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಸೆಲ್ಫ್ ತಿರುಗುವುದಿಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಗ್ಯಾಸ್ಕೆಟ್ ಬದಲಿಸುವುದು. ಅದರಿಂದ ಹತ್ತು ದಿನ ಸುಮ್ಮನಿರುತ್ತದೆ, ಮತ್ತೆ ಶುರುವಾಗುತ್ತದೆ. ಗ್ಯಾಸ್ಕೆಟ್ ತಾನಾಗಿಯೇ ಸುಡುವುದು ಅಪರೂಪ. ಎಂಜಿನ್ ಕೂತ ಜಾಗ, ಫ್ಲ್ಯಾಂಜಿನ (ಹೆಡರನ್ನು ಎಂಜಿನ್ ಹೆಡ್ಡಿಗೆ ಬೋಲ್ಟ್ ಹಾಕಿ ಕೂರಿಸುವ ಚಪ್ಪಟೆ ಪಟ್ಟಿಯ) ಮಟ್ಟ, ಹಿಂದೆ ನೇತಾಡುವ ಪೈಪಿನ ಭಾರ, ಈ ಮೂರರಲ್ಲಿ ಒಂದು ಅದನ್ನು ಸುಡಿಸಿರುತ್ತದೆ. ಹೆಡರ್ ಕೊನೆಗೆ ಸೇರುವ ಭಾಗ; ಅದಕ್ಕಿಂತ ಮುಂಚೆ ಮಾಡಿದ ಅಳತೆಯ ತಪ್ಪುಗಳೆಲ್ಲ ಅದರ ಮೂಲಕವೇ ಹೊರಬೀಳುತ್ತವೆ. ಆದ್ದರಿಂದ ಪಾನಾ ಎತ್ತಿಕೊಳ್ಳುವ ಮೊದಲು ತಪ್ಪು ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ.

ಇಲ್ಲಿ ಎಡ, ಬಲ ಎಂದರೆ ಡ್ರೈವರ್ ಸೀಟಿನಲ್ಲಿ ಮುಂದೆ ನೋಡಿಕೊಂಡು ಕೂತಾಗಿನ ಎಡ, ಬಲ. ಅಮೆರಿಕದ ಕಾರಾದ್ದರಿಂದ ಸ್ಟೀರಿಂಗ್ ಎಡಕ್ಕಿದೆ. ಎಡ ಬ್ಯಾಂಕಿನಲ್ಲಿ, ಅಂದರೆ ಎಡಗಡೆಯ ಸಾಲಿನಲ್ಲಿ, 1, 3, 5, 7ನೇ ಸಿಲಿಂಡರ್. ಬಲ ಬ್ಯಾಂಕಿನಲ್ಲಿ 2, 4, 6, 8. ಸ್ಕ್ಯಾನರ್ 'ಬ್ಯಾಂಕ್ 1' ಎಂದು ತೋರಿಸುವುದು ಎಡಗಡೆಯದು.

ಸದ್ದು ಯಾವುದರದು?

ರಾತ್ರಿಯಿಡೀ ತಣ್ಣಗೆ ನಿಂತ ಎಂಜಿನ್ ಮೇಲೆ ಪರೀಕ್ಷೆ ಮಾಡಬೇಕು. ಬಿಸಿ ಎಂಜಿನ್ ಮೇಲೆ ಮಾಡಿದರೆ ಅರ್ಧ ಸುಳಿವು ಕಳೆದುಹೋಗಿರುತ್ತದೆ. ಫ್ಲ್ಯಾಂಜ್ ಲೀಕ್ ಇದ್ದರೆ ಸ್ಟಾರ್ಟ್ ಆದ ಕೂಡಲೇ ಸದ್ದು ಜೋರಾಗಿರುತ್ತದೆ. ಲೋಹ ಕಾದು ಹಿಗ್ಗಿ ಸಂದು ಮುಚ್ಚಿಕೊಂಡಂತೆ ಮೂರು ನಾಲ್ಕು ನಿಮಿಷದಲ್ಲಿ ಸದ್ದು ಸಣ್ಣಗಾಗುತ್ತದೆ. ಆಕ್ಸಲರೇಟರ್ ಒತ್ತಿದರೆ ಮತ್ತೆ ಏರುತ್ತದೆ.

ಸದ್ದಿನ ವೇಗ ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದು ಸಿಲಿಂಡರಿನ ಲೀಕ್ ಎರಡು ಸುತ್ತಿಗೊಮ್ಮೆ ಟಿಕ್ ಅನ್ನುತ್ತದೆ. ವಾಲ್ವ್ ಲಿಫ್ಟರ್ (ವಾಲ್ವನ್ನು ತೆರೆಯಲು ಎತ್ತುವ ಭಾಗ) ಕೂಡ ಎರಡು ಸುತ್ತಿಗೊಮ್ಮೆಯೇ. 600 ಆರ್‌ಪಿಎಂ ಐಡ್ಲಿಂಗಿನಲ್ಲಿ ಎರಡೂ ಸೆಕೆಂಡಿಗೆ 5 ಬಾರಿ ಕೇಳುತ್ತವೆ. ಇವನ್ನು ಬೇರೆ ಮಾಡುವುದು ಹೀಗೆ: ಒಂದೊಂದೇ ಸಿಲಿಂಡರಿನ ಇಂಜೆಕ್ಟರ್ ಕನೆಕ್ಟರ್ ಕಳಚಿ. ಆ ಸಿಲಿಂಡರ್ ಉರಿಯದೆ ಹೋದಾಗ ಸದ್ದು ಥಟ್ಟನೆ ಕುಗ್ಗಿದರೆ ಅದು ಹೊಗೆ ಲೀಕ್. ಹಾಗೇ ಉಳಿದರೆ ಲಿಫ್ಟರ್. ಕಾಯಿಲ್ ಕನೆಕ್ಟರ್ ಕಳಚಿಯೂ ಈ ಪರೀಕ್ಷೆ ಮಾಡಬಹುದು. ಆದರೆ ಆಗ ಉರಿಯದ ಪೆಟ್ರೋಲ್ ಹೆಡರಿಗೆ ಹೋಗುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದು ಸುಟ್ಟು ಹಾಳಾಗುತ್ತದೆ. ಇಂಜೆಕ್ಟರ್ ಕಳಚುವುದೇ ಒಳ್ಳೆಯದು.

ಈ ಪರೀಕ್ಷೆಗೂ ಒಂದು ಕಡೆ ಮೋಸವಿದೆ. ಎಲ್‌ಎಸ್1 ಎಂಜಿನ್‌ಗಳಲ್ಲಿ ತಣ್ಣಗಿರುವಾಗ ಪಿಸ್ಟನ್ ಗೋಡೆಗೆ ಬಡಿಯುವ ಸದ್ದು ಬರುವುದು ಹೆಸರುವಾಸಿ. ಅದೂ ಕಾದಂತೆ ಕಡಿಮೆಯಾಗುತ್ತದೆ, ಅದೂ ಸಿಲಿಂಡರ್ ಉರಿಯದಿದ್ದರೆ ಮೆತ್ತಗಾಗುತ್ತದೆ. ಕಿವಿಯಿಟ್ಟು ಕೇಳಿದರೆ ಅದು ಟೊಕ್ ಟೊಕ್ ಎಂಬ ದಪ್ಪ ಸದ್ದು. ಹೊಗೆ ಲೀಕಿನದು ಚಿಟಿಕೆ ಹಾಕಿದಂತೆ ಚುರುಕು. ಖಚಿತ ಬೇಕಿದ್ದರೆ ಒಂದು ಮೀಟರ್ ಉದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಯ ಹತ್ತಿರ ಹಿಡಿದು, ಇನ್ನೊಂದನ್ನು ಫ್ಲ್ಯಾಂಜಿನ ಸುತ್ತ ನಿಧಾನವಾಗಿ ಆಡಿಸಿ. ಹೊಗೆ ಲೀಕ್ ಇರುವ ಕಡೆ ಬಂದಾಗ ಕಿವಿಗೇ ಊದಿದ ಹಾಗೆ ಕೇಳುತ್ತದೆ, ಬೆರಳಗಲ ಸರಿಸಿದರೆ ಮಾಯವಾಗುತ್ತದೆ. ಪಿಸ್ಟನ್ ಸದ್ದು ಹಾಗೆ ಒಂದೇ ಬಿಂದುವಿಗೆ ಕಟ್ಟುಬೀಳುವುದಿಲ್ಲ. ಉದ್ದ ಸ್ಕ್ರೂಡ್ರೈವರನ್ನು ಬ್ಲಾಕಿಗೆ ಒತ್ತಿ ಹಿಡಿದರೆ ಅದು ಇನ್ನೂ ಚೆನ್ನಾಗಿ ಕೇಳುತ್ತದೆ.

ಇಷ್ಟೆಲ್ಲ ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ. ಲೀಕ್ ಇರುವ ಹೆಡರಿನ ಹತ್ತಿರ ತಲೆ ಬಗ್ಗಿಸಿ ನಿಲ್ಲುವುದೆಂದರೆ ಕಾರ್ಬನ್ ಮೊನಾಕ್ಸೈಡ್ ಉಸಿರಾಡುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಕಾರನ್ನು ಬಯಲಿಗೆ ತನ್ನಿ.

ಎಂಜಿನ್ ನಿಲ್ಲಿಸಿ ಹುಡುಕುವುದು

ಮನೆಯ ವ್ಯಾಕ್ಯೂಮ್ ಕ್ಲೀನರಿಗೆ ಗಾಳಿ ಊದುವ ಬಾಯಿ ಇದ್ದರೆ ಸಾಕು. ತಣ್ಣಗಿನ ಎಂಜಿನ್, ಇಗ್ನಿಷನ್ ಆಫ್. ಪೈಪನ್ನು ಸೈಲೆನ್ಸರಿನ ತುದಿಗೆ ಬಟ್ಟೆ ಸುತ್ತಿ ಬಿಗಿಯಾಗಿ ಕೂರಿಸಿ. ಎರಡು ಸೈಲೆನ್ಸರ್ ಇದ್ದು ನಡುವೆ ಅಡ್ಡ ಪೈಪ್ ಇದ್ದರೆ ಇನ್ನೊಂದು ತುದಿಯನ್ನು ಮುಚ್ಚಿ. ಊದಲು ಬಿಟ್ಟು, ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಹಿಂದಿನಿಂದ ಮುಂದಕ್ಕೆ ಪ್ರತಿ ಜಾಯಿಂಟಿಗೂ ಹೊಡೆಯುತ್ತ ಬನ್ನಿ: ಕಲೆಕ್ಟರ್ (ನಾಲ್ಕು ಕೊಳವೆ ಒಂದಾಗುವ ಬಾಯಿ) ಜಾಯಿಂಟ್, ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರಿನ ಬುಡ, ನಾಲ್ಕು ಕೊಳವೆ ಸೇರುವ ಬೆಸುಗೆ, ಕೊನೆಗೆ ಫ್ಲ್ಯಾಂಜ್. ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಏರ್ ಫಿಲ್ಟರ್ ಕಡೆಯಿಂದಲೂ ಸುಂಯ್ ಎಂದು ಗಾಳಿ ಹೊರಬಂದರೆ ಗಾಬರಿ ಬೇಡ. ಯಾವುದೋ ಸಿಲಿಂಡರಿನಲ್ಲಿ ಎರಡೂ ವಾಲ್ವ್ ಸ್ವಲ್ಪ ತೆರೆದ ಸ್ಥಿತಿಯಲ್ಲಿ ಎಂಜಿನ್ ನಿಂತಿರುತ್ತದೆ. ಕ್ರ್ಯಾಂಕ್ ತುಸು ತಿರುಗಿಸಿದರೆ ನಿಲ್ಲುತ್ತದೆ.

ಎಂಜಿನ್ ಓಡುತ್ತಿರುವಾಗ ಲೀಕ್ ಹುಡುಕಲು ಕಾರ್ಬೊರೇಟರ್ ಕ್ಲೀನರ್ ಹೊಡೆಯುವ ಅಭ್ಯಾಸ ಕೆಲವರಿಗಿದೆ. ಕಾದ ಹೆಡರ್ ಹತ್ತಿರ ಅದು ಬೆಂಕಿ ಹಚ್ಚಿದಂತೆಯೇ. ದಯವಿಟ್ಟು ಬೇಡ.

ಕಾರ್ಖಾನೆಯ ಹಳೆ ಎರಕದ ಹೊಗೆ ಮ್ಯಾನಿಫೋಲ್ಡುಗಳ ಜಾಗಕ್ಕೆ ಹೊಂದುವಂತೆ ಮಾಡಿದ ಕೆಲವು ಹೆಡರ್‌ಗಳಲ್ಲಿ ಗಾಳಿ ಪಂಪಿಗೋ ಇಜಿಆರ್‌ಗೋ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ಇಟ್ಟ ಸಣ್ಣ ತೂತುಗಳಿರುತ್ತವೆ. ಅದಕ್ಕೆ ಹಾಕಿದ ಮುಚ್ಚಳ ಸಡಿಲವಿದ್ದರೂ ಇದೇ ಟಿಕ್ ಸದ್ದು. ಬಿಚ್ಚುವ ಮೊದಲು ಒಮ್ಮೆ ನೋಡಿಕೊಳ್ಳಿ.

ಬಿಚ್ಚಿದ ಗ್ಯಾಸ್ಕೆಟ್ ಓದುವುದು

ಫ್ಲ್ಯಾಂಜೇ ಲೀಕ್ ಎಂದು ಗೊತ್ತಾಯಿತು, ಬಿಚ್ಚಿದಿರಿ. ಹಳೆ ಗ್ಯಾಸ್ಕೆಟನ್ನು ಬಿಸಾಡಬೇಡಿ. ಯಾವ ಕಡೆ ಮೇಲು, ಯಾವುದು ಮುಂದೆ ಎಂದು ಮಾರ್ಕರಿನಲ್ಲಿ ಬರೆದು ಬೆಳಕಿಗೆ ಹಿಡಿಯಿರಿ. ಚೆನ್ನಾಗಿ ಕೂತ ಜಾಗದಲ್ಲಿ ಪೋರ್ಟಿನ (ಹೊಗೆ ಹೊರಬರುವ ತೂತಿನ) ಸುತ್ತ ಉಬ್ಬುಗೆರೆ ಉಂಗುರದ ಹಾಗೆ ಹೊಳೆಯುತ್ತಿರುತ್ತದೆ. ಹೊಗೆ ನುಸುಳಿದ ಜಾಗದಲ್ಲಿ ಆ ಹೊಳಪು ತುಂಡಾಗಿ, ಅಲ್ಲಿಂದ ಹೊರಗಿನ ಅಂಚಿಗೆ ಬೀಸಣಿಗೆ ಬಿಚ್ಚಿದ ಆಕಾರದಲ್ಲಿ ಮಸಿ ಹರಡಿರುತ್ತದೆ: ಪೋರ್ಟಿನ ಹತ್ತಿರ ಕಪ್ಪು, ಅಂಚಿಗೆ ಹೋದಂತೆ ಬೂದು. ಈ ಮಸಿ ಎಲ್ಲಿದೆ ಎಂಬುದರಲ್ಲೇ ಕಾರಣ ಇದೆ.

ಒಂದೇ ಪೋರ್ಟಿನ ಎರಡೂ ಬದಿಗೆ ಮಸಿ ಇದ್ದರೆ ಅಲ್ಲಿನ ಬೋಲ್ಟ್ ಹಿಡಿದಿಲ್ಲ. ನಾಲ್ಕೂ ಪೋರ್ಟಿನ ಕೆಳಭಾಗದಲ್ಲಿ ಮಾತ್ರ ಮಸಿಯಿದ್ದು ಮೇಲ್ಭಾಗ ಶುಭ್ರವಾಗಿದ್ದರೆ, ಹಿಂದಿನ ಪೈಪು ಹೆಡರನ್ನು ಸನ್ನೆಕೋಲಿನಂತೆ ಎಳೆದು ಫ್ಲ್ಯಾಂಜಿನ ಬುಡ ಬಿಡಿಸುತ್ತಿದೆ. ಎರಡು ತುದಿಯ ಪೋರ್ಟುಗಳು ಮಸಿ, ನಡುವಿನ ಎರಡು ಶುಭ್ರ ಎಂದಾದರೆ ಫ್ಲ್ಯಾಂಜ್ ಬಾಗಿದೆ. ಹಿಂದಿನ ತುದಿ, ಅಂದರೆ 7 ಅಥವಾ 8ನೆಯದು ಮಾತ್ರ ಎಂದಾದರೆ ಬೋಲ್ಟ್ ಮುರಿದಿರುವ ಸಾಧ್ಯತೆಯೇ ಹೆಚ್ಚು; ಮುಂದಿನಿಂದ ನೋಡಿದರೆ ಅದು ಕಾಣಿಸುವುದೂ ಇಲ್ಲ. ಸಣ್ಣ ಕನ್ನಡಿ ಹಿಡಿದು ನೋಡಬೇಕು.

ಬಾಗಿದ್ದನ್ನು ಅಳೆಯುವುದು ಸುಲಭ. ಫ್ಲ್ಯಾಂಜ್ ಮೇಲೆ ಉಕ್ಕಿನ ಪಟ್ಟಿ ಉದ್ದಕ್ಕಿಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ. 0.25 ಮಿಲಿಮೀಟರಿನ ಎಲೆ ಎಲ್ಲಾದರೂ ನುಗ್ಗಿದರೆ ಅದನ್ನು ಸಪಾಟು ಮಾಡದೆ ಹಾಕಬಾರದು. ಪಟ್ಟಿ ಹಾಕಿದ ಸ್ಯಾಂಡರ್ ಇದ್ದರೆ ಬೇಗ ಆಗುತ್ತದೆ. ಇಲ್ಲದಿದ್ದರೆ ಅಗಲವಾದ ಅರದಿಂದ ಇಡೀ ಉದ್ದಕ್ಕೆ ಓರೆಯಾಗಿ ತಿಕ್ಕಿ. ಬೆಸುಗೆ ಹಾಕುವಾಗ ಹೆಡರನ್ನು ದಪ್ಪ ಉಕ್ಕಿಗೆ ಬಿಗಿದು ಹಿಡಿಯದೆ ಮಾಡಿದ್ದರೆ ಈ ಬಾಗು ಬಂದೇ ಬರುತ್ತದೆ. ಪೋರ್ಟುಗಳ ನಡುವೆ ಫ್ಲ್ಯಾಂಜನ್ನು ಗರಗಸದಿಂದ ಕುಯ್ದುಬಿಡುವುದು ಹಳೆಯ ಉಪಾಯ. ಅದರಿಂದ ಪ್ರತಿ ಪೋರ್ಟೂ ತನ್ನಷ್ಟಕ್ಕೆ ಕೂರುತ್ತದೆ. ಕೊಳವೆಗಳು ದಪ್ಪವಿದ್ದು ಬೆಸುಗೆ ಗಟ್ಟಿಯಿದ್ದರೆ ಅದು ಒಳ್ಳೆಯದೇ. 18 ಗೇಜಿನ ತೆಳು ಕೊಳವೆಗೆ ಬೇಡ: ಫ್ಲ್ಯಾಂಜ್ ಹೊರುತ್ತಿದ್ದ ಭಾರ ಕೊಳವೆಗೆ ಬಿದ್ದು ಬೆಸುಗೆಯ ಅಂಚಿನಲ್ಲಿ ಬಿರುಕು ಬಿಡುತ್ತದೆ.

ಗ್ಯಾಸ್ಕೆಟಿನಲ್ಲಿ ಹಲವು ಪದರದ ಉಕ್ಕಿನದನ್ನೇ ಹಾಕಿ. ಹೆಡರ್ ಡಬ್ಬಿಯಲ್ಲಿ ಉಚಿತವಾಗಿ ಬರುವ ಕಾಗದದಂಥ ಗ್ಯಾಸ್ಕೆಟ್ ಹಾಕಿ ಮೂರು ತಿಂಗಳಿಗೆ ಬಿಚ್ಚುವ ಗೋಳು ಬೇಡ. ಅದರ ಮೇಲೆ ಸಿಲಿಕಾನ್ ಮೆತ್ತಬೇಡಿ. ಶಾಖಕ್ಕೆ ಅದು ಉರಿದುಹೋಗುವುದು ಒಂದು. ಅದರ ಆವಿ ಆಕ್ಸಿಜನ್ ಸೆನ್ಸರಿನ ಮೂತಿಗೆ ಪದರ ಕಟ್ಟಿ ಸೆನ್ಸರನ್ನೇ ಕೊಲ್ಲುವುದು ಇನ್ನೊಂದು.

ಬೋಲ್ಟುಗಳು

ಎಲ್‌ಎಸ್ ಹೆಡ್ಡಿಗೆ ಬೀಳುವುದು ಎಂ8, 1.25 ಪಿಚ್ ಬೋಲ್ಟ್, ಒಂದು ಬದಿಗೆ 6. ಹಳೆ ಸ್ಮಾಲ್ ಬ್ಲಾಕಿನ ಇಂಚಿನ ಬೋಲ್ಟುಗಳು ಇದಕ್ಕೆ ಆಗುವುದಿಲ್ಲ. ಒತ್ತಾಯಿಸಿ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಪುಡಿಯಾಗುತ್ತದೆ. ಬಿಗಿಯುವುದು ಎರಡು ಹಂತದಲ್ಲಿ: ಮೊದಲು 15 ನ್ಯೂಟನ್ ಮೀಟರ್, ಆಮೇಲೆ 25. ನಡುವಿನಿಂದ ಶುರುಮಾಡಿ ಎರಡೂ ತುದಿಗೆ ಹೋಗಬೇಕು. ತುದಿಯಿಂದ ಶುರುಮಾಡಿದರೆ ನಡುವೆ ಉಬ್ಬು ಉಳಿದುಬಿಡುತ್ತದೆ.

25 ಎಂಬುದು ಕೈಗೆ ತೀರಾ ಕಡಿಮೆ ಅನ್ನಿಸುತ್ತದೆ. ಅಭ್ಯಾಸವಾದ ಕೈ ಇನ್ನರ್ಧ ಸುತ್ತು ಎಳೆಯುತ್ತದೆ, ಅಲ್ಲೇ ಕೆಲಸ ಕೆಡುವುದು. ಹಿಂದಿನ ಬೋಲ್ಟುಗಳು ಯಾಕೆ ಮುರಿಯುತ್ತವೆಂದು ಲೆಕ್ಕ ಹಾಕಿ ನೋಡಿ. 450 ಮಿಲಿಮೀಟರ್ ಉದ್ದದ ಉಕ್ಕಿನ ಫ್ಲ್ಯಾಂಜ್ 300 ಡಿಗ್ರಿ ಕಾದರೆ ಸುಮಾರು 1.6 ಮಿಲಿಮೀಟರ್ ಉದ್ದವಾಗುತ್ತದೆ. 304 ಸ್ಟೇನ್‌ಲೆಸ್ ಆದರೆ 2.3. ಕೆಳಗಿನ ಅಲ್ಯೂಮಿನಿಯಂ ಹೆಡ್ಡನ್ನು ನೀರು ತಣ್ಣಗಿಡುವುದರಿಂದ ಅದು 70 ಡಿಗ್ರಿ ಏರಿದರೂ ಹಿಗ್ಗುವುದು 0.7ರಷ್ಟು ಮಾತ್ರ. ಉಳಿದ ಒಂದು ಒಂದೂವರೆ ಮಿಲಿಮೀಟರ್ ಅಂತರವನ್ನು ತುದಿಯ ಬೋಲ್ಟುಗಳೇ ತಾಳಿಕೊಳ್ಳಬೇಕು. ಫ್ಲ್ಯಾಂಜ್ ಸ್ವಲ್ಪ ಜಾರಲು ಆಸ್ಪದವಿದ್ದರೆ ಬೋಲ್ಟ್ ಬದುಕುತ್ತದೆ. ಅತಿ ಬಿಗಿ ಮಾಡಿದರೆ, ಅಥವಾ ತುದಿಯ ತೂತು ಬೋಲ್ಟಿಗೆ ತಾಗಿಕೊಂಡೇ ಇದ್ದರೆ, ದಿನಾ ಕತ್ತರಿಯ ಹಾಗೆ ಕತ್ತರಿಸುತ್ತ ಹೋಗುತ್ತದೆ. ಎರಡು ತುದಿಯ ತೂತುಗಳನ್ನು ಉದ್ದಕ್ಕೆ ಒಂದು ಮಿಲಿಮೀಟರಿನಷ್ಟು ಅರದಿಂದ ಅಗಲಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಟಾರ್ಕ್ ರೆಂಚ್ ಕ್ಲಿಕ್ ಅಂದಿದೆ, ಫ್ಲ್ಯಾಂಜ್ ಮಾತ್ರ ಅಲುಗುತ್ತಿದೆ. ಹಾಗಿದ್ದರೆ ಬೋಲ್ಟ್ ಉದ್ದ ಹೆಚ್ಚಾಗಿ ತೂತಿನ ತಳಕ್ಕೆ ತಾಗಿದೆ. ದಪ್ಪ ಎರಕದ ಮ್ಯಾನಿಫೋಲ್ಡಿನ ಬೋಲ್ಟನ್ನೇ 8 ಅಥವಾ 9.5 ಮಿಲಿಮೀಟರಿನ ಹೆಡರ್ ಫ್ಲ್ಯಾಂಜಿಗೆ ಹಾಕಿದಾಗ ಹೀಗಾಗುತ್ತದೆ. ತೂತಿನ ಆಳ ಅಳೆಯಿರಿ. ಥ್ರೆಡ್ ಒಳಗೆ ಕನಿಷ್ಠ 12 ಮಿಲಿಮೀಟರ್ ಹಿಡಿಯಬೇಕು, ತಳದಲ್ಲಿ 2 ಮಿಲಿಮೀಟರ್ ಖಾಲಿ ಉಳಿಯಬೇಕು.

ಮುರಿದ ಬೋಲ್ಟ್ ತೆಗೆಯಲು ತೂತು ಕೊರೆಯುವುದು ಕೊನೆಯ ದಾರಿಯಾಗಿರಲಿ. ಮೊದಲು ಮುರಿದ ತುದಿಯ ಮೇಲೆ ನಟ್ಟು ಇಟ್ಟು ಒಳಗಿನಿಂದ ಬೆಸುಗೆ ತುಂಬಿ, ಕೆಂಪು ಆರಿದ ಮೇಲೆ ಹಿಂದೆಮುಂದೆ ಸ್ವಲ್ಪ ಸ್ವಲ್ಪ ಆಡಿಸಿ ಬಿಚ್ಚಿ. ಉಕ್ಕಿನ ಬೆಸುಗೆ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಶಾಖಕ್ಕೆ ಹಿಡಿತವೂ ಸಡಿಲಾಗುತ್ತದೆ. ಒಂದು ನಟ್ಟು ಕಿತ್ತುಬಂದರೆ ಇನ್ನೊಂದು. ನಾಲ್ಕನೆಯದಕ್ಕೆ ಬಂದ ಉದಾಹರಣೆಗಳು ಬೇಕಾದಷ್ಟಿವೆ.

ಎಂಜಿನ್ ಕೂತ ಜಾಗ

ಎಂಜಿನ್ ಬದಲಿಸಿದ ಕಾರಿಗೇ ವಿಶೇಷವಾದ ದೋಷಗಳು ಇಲ್ಲಿಂದ ಬರುತ್ತವೆ. ಹಳೆ ಸ್ಮಾಲ್ ಬ್ಲಾಕಿನ ಪಕ್ಕದಲ್ಲಿ ಮೌಂಟಿಗೆ (ಎಂಜಿನ್ನನ್ನು ಷಾಸಿಗೆ ಹಿಡಿಯುವ ಆಸರೆಗೆ) 3 ಬೋಲ್ಟ್, ಎಲ್‌ಎಸ್‌ನಲ್ಲಿ 4. ಎರಡನ್ನೂ ಸೇರಿಸಲು ನಡುವೆ ಅಡಾಪ್ಟರ್ ಪ್ಲೇಟ್ ಬರುತ್ತದೆ. ಈ ಪ್ಲೇಟುಗಳು ಎಂಜಿನ್ನನ್ನು ಬೇರೆ ಬೇರೆ ಜಾಗದಲ್ಲಿ ನಿಲ್ಲಿಸುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಒಂದು ಇಂಚು, ಅಂದರೆ 25 ಮಿಲಿಮೀಟರ್ ವ್ಯತ್ಯಾಸ ಮಾಮೂಲು. ಹೆಡರ್ ಮಾಡಿದವರು ಯಾವುದೋ ಒಂದು ಪ್ಲೇಟನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೊಳವೆ ಬಗ್ಗಿಸಿರುತ್ತಾರೆ. ಪ್ಲೇಟ್ ಒಂದು ಕಡೆಯದು, ಹೆಡರ್ ಇನ್ನೊಂದು ಕಡೆಯದು ಆದರೆ ಕೊಳವೆ ನೇರ ಸ್ಟೀರಿಂಗ್ ಬಾಕ್ಸಿಗೆ ಹೋಗಿ ಕೂರುತ್ತದೆ. ಮೊದಲ ಪೀಳಿಗೆಯ ಕ್ಯಾಮರೋದಲ್ಲಿ ಸ್ಟೀರಿಂಗ್ ಬಾಕ್ಸ್, ಅಡ್ಡ ರಾಡ್ ಎರಡೂ ಮುಂದಿನ ಚಕ್ರದ ಗೆರೆಗಿಂತ ಹಿಂದಿವೆ, ಸರಿಯಾಗಿ ಹೆಡರ್ ಇಳಿಯಬೇಕಾದ ಜಾಗದಲ್ಲೇ. 1970ರಿಂದ ಬಂದ ಮಾದರಿಯಲ್ಲಿ ಅವು ಮುಂದಕ್ಕೆ ಹೋದವು. ಹಾಗಾಗಿ ಅದರ ಹೆಡರ್ ಇದಕ್ಕೆ ಆಗುವುದಿಲ್ಲ.

ಇನ್ನೊಂದು ಸಾಮಾನ್ಯ ತಪ್ಪು ಆಯಿಲ್ ಪ್ಯಾನಿನದು. ಟ್ರಕ್ಕಿನ ಆಳವಾದ ಪ್ಯಾನ್ ಮುಂದಿನ ಅಡ್ಡ ಬೀಮಿಗೆ ತಾಗುತ್ತದೆ. ಪ್ಯಾನ್ ಬದಲಿಸುವ ಬದಲು ಮೌಂಟ್ ಕೆಳಗೆ ವಾಷರ್ ಇಟ್ಟು ಎಂಜಿನ್ ಎತ್ತಿಬಿಡುತ್ತಾರೆ. ಆಗ ಮುಂಭಾಗ ಮಾತ್ರ ಏರಿ ಎಂಜಿನ್ ಹಿಂದಕ್ಕೆ ವಾಲುತ್ತದೆ. ಮೌಂಟಿನಿಂದ 600 ಮಿಲಿಮೀಟರ್ ಹಿಂದಿರುವ ಕಲೆಕ್ಟರ್ ಒಂದು ಡಿಗ್ರಿ ವಾಲಿಕೆಗೇ ಮೌಂಟಿಗೆ ಹೋಲಿಸಿದರೆ 10 ಮಿಲಿಮೀಟರ್ ಜಾಗ ಬದಲಿಸುತ್ತದೆ. ಹೆಡರ್ ಎಲ್ಲೋ ತಾಗುತ್ತಿದೆ ಎಂಬ ದೂರು ಬಂದಾಗ ಆ ವಾಷರನ್ನು ಯಾರೂ ನೆನೆಯುವುದಿಲ್ಲ. ಕೋನ ಅಳೆಯುವ ಗೇಜನ್ನು ಗೇರ್‌ಬಾಕ್ಸಿನ ಹಿಂತುದಿಯ ಮೇಲಿಡಿ. ಹಿಂದಕ್ಕೆ 3 ಡಿಗ್ರಿ ಇಳಿಜಾರು ಸರಿ. 5 ಕಂಡರೆ ಹೆಡರ್ ಬಿಟ್ಟು ಮೌಂಟ್ ನೋಡಿ.

ಕಾರು ನಿಂತಾಗ ಎಲ್ಲೂ ತಾಗುತ್ತಿಲ್ಲ, ಓಡುವಾಗ ಮಾತ್ರ ಗಡಗಡ ಎನ್ನುತ್ತದೆ ಎಂದರೆ ಎಂಜಿನ್ ಮಗುಚುವ ಅಂತರ ಸಾಲದು ಎಂದರ್ಥ. ಶಕ್ತಿ ಹಾಕಿದಾಗ ಎಂಜಿನ್ನಿನ ಎಡಬದಿ ಏಳುತ್ತದೆ, ಬಲಬದಿ ಕುಸಿಯುತ್ತದೆ. ಆದ್ದರಿಂದ ಎಡಗಡೆ ಸ್ಟೀರಿಂಗ್ ಶಾಫ್ಟ್ ಮೇಲೂ, ಬಲಗಡೆ ಷಾಸಿ ಮೇಲೂ ಕಣ್ಣಿಡಿ. ಇದನ್ನು ಅಳೆಯಲು ಚಪಾತಿ ಹಿಟ್ಟಿಗಿಂತ ಒಳ್ಳೆಯ ಸಾಧನವಿಲ್ಲ. ಗಟ್ಟಿಯಾಗಿ ಕಲಸಿ, ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ಅಂಟದಂತೆ ಅಲ್ಯೂಮಿನಿಯಂ ಹಾಳೆ ಸುತ್ತಿ. ತಣ್ಣಗಿನ ಎಂಜಿನ್ ಮೇಲೆ ಸಂಶಯವಿರುವ ಪ್ರತಿ ಸಂದಿನಲ್ಲೂ ಒಂದೊಂದು ಇಡಿ. ಅಗಲವಾದ ಮರದ ತುಂಡು ಕೊಟ್ಟು ಜ್ಯಾಕಿನಿಂದ ಎಂಜಿನ್ನಿನ ಎಡ ಅಂಚನ್ನು ಮೌಂಟಿನ ರಬ್ಬರ್ ತಡೆಯುವವರೆಗೆ ನಿಧಾನವಾಗಿ ಎತ್ತಿ, ಇಳಿಸಿ. ಒಬ್ಬರು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಲಿ. ಉಂಡೆ ತೆಗೆದು, ಅದುಮಿದ ಜಾಗದಲ್ಲಿ ಚಾಕುವಿನಿಂದ ಕುಯ್ದು, ದಪ್ಪ ಅಳೆಯಿರಿ. ಉದ್ದ ಕೊಳವೆ ಕಾದಾಗ ತಾನೇ 3ರಿಂದ 4 ಮಿಲಿಮೀಟರ್ ಬೆಳೆಯುತ್ತದೆ. ಹಾಗಾಗಿ ಹಿಟ್ಟು 6 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಓಡುವಾಗ ತಾಗುತ್ತದೆ. ಎಂಜಿನ್ ಸುಮ್ಮನಿರುವಾಗ 12 ಮಿಲಿಮೀಟರ್ ಇರಬೇಕು.

ಸ್ಟೀರಿಂಗಿಗೆ ಸಂಬಂಧಪಟ್ಟ ಯಾವುದಕ್ಕೂ ಹೆಡರ್ ತಾಗುತ್ತಿದ್ದರೆ ಅದು ಸರಿಹೋಗುವವರೆಗೆ ಕಾರನ್ನು ರಸ್ತೆಗೆ ಇಳಿಸಬೇಡಿ. ಬಿಗಿಯಾದ ತಿರುವಿನಲ್ಲಿ ಶಕ್ತಿ ಹಾಕಿದ ಕ್ಷಣ ಸ್ಟೀರಿಂಗ್ ಹಿಡಿದುಕೊಂಡರೆ ಮುಂದಿನದನ್ನು ಹೇಳಬೇಕಾಗಿಲ್ಲ. ಕೊಳವೆಯನ್ನು ಸುತ್ತಿಗೆಯಿಂದ ಗುಳಿ ಮಾಡಿ ಜಾಗ ಬಿಡಿಸುವ ರೂಢಿ ಇದೆ. ಷಾಸಿಯ ಹತ್ತಿರ ಮೂರು ನಾಲ್ಕು ಮಿಲಿಮೀಟರ್ ಬೇಕಿದ್ದರೆ ಆಗಲಿ, ಎಂಜಿನ್ನಿನ ಶಕ್ತಿಗೇನೂ ಗಮನಿಸುವಷ್ಟು ಕೊರತೆ ಬರುವುದಿಲ್ಲ. ಸ್ಟೀರಿಂಗ್ ಹತ್ತಿರ ಮಾತ್ರ ಪ್ಲೇಟ್ ಬದಲಿಸಿ ಅಥವಾ ಹೆಡರ್ ಬದಲಿಸಿ. ಕೈಗೇರಿನ ಹಳೆ ಕಾರಾದರೆ ಎಡಬದಿಯಲ್ಲಿ ಬ್ಲಾಕಿನಿಂದ ಷಾಸಿಗೆ ಹೋಗುವ ಕ್ಲಚ್ ಸನ್ನೆ ರಾಡ್ ಇರುತ್ತದೆ. ಉದ್ದ ಹೆಡರ್ ಜೊತೆ ಅದು ಬದುಕುವುದಿಲ್ಲ. ಹೈಡ್ರಾಲಿಕ್ ಕ್ಲಚ್ ಹಾಕಿ ಆ ರಾಡನ್ನೇ ತೆಗೆದುಬಿಡುವುದು ಮೇಲು.

ಇನ್ನು ಪೈಪಿನ ಭಾರ. ಕಲೆಕ್ಟರ್ ಆದ ಮೇಲಿನ ಮೊದಲ ಹ್ಯಾಂಗರ್ ದೇಹಕ್ಕೆ ಗಟ್ಟಿಯಾಗಿ ಬಿಗಿದಿದ್ದರೆ, ಎಂಜಿನ್ ಮಗುಚಿದಾಗಲೆಲ್ಲ ಹೆಡರ್ ತಿರುಚುತ್ತದೆ. ಆ ಹ್ಯಾಂಗರನ್ನು ಗೇರ್‌ಬಾಕ್ಸಿಗೇ ಕಟ್ಟಿ, ಅಲ್ಲಿಂದ ಹಿಂದಿನವು ರಬ್ಬರಿನಲ್ಲಿ ತೂಗಲಿ. ಪರೀಕ್ಷೆ ಹೀಗೆ: ಕಲೆಕ್ಟರಿನ ಬೋಲ್ಟುಗಳನ್ನು ಪೂರ್ತಿ ಸಡಿಲಿಸಿ. ಎರಡು ಮೂತಿಗಳೂ ಎದುರೆದುರೇ ನಿಂತರೆ ಸರಿ. ಹಿಂದಿನ ಪೈಪು ಬೆರಳಗಲ ಕೆಳಗೆ ಬಿದ್ದರೆ ಇಷ್ಟು ದಿನ ಆ ಭಾರ ಹೊತ್ತದ್ದು ನಿಮ್ಮ ಗ್ಯಾಸ್ಕೆಟ್.

ಸ್ಕ್ಯಾನರ್ ಲೀನ್ ಎನ್ನುತ್ತದೆ, ಪ್ಲಗ್ ಕಪ್ಪಾಗಿದೆ

ಪಿ0171 ಎಂದರೆ ಬ್ಯಾಂಕ್ 1 ಲೀನ್, ಪಿ0174 ಎಂದರೆ ಬ್ಯಾಂಕ್ 2. ಹೊಗೆ ಕೊಳವೆಯಲ್ಲಿ ಒತ್ತಡ ಅಲೆಯಂತೆ ಏರಿಳಿಯುತ್ತದೆ. ಅಲೆ ತಗ್ಗಿದಾಗ ಸಂದಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರಿಗೆ ಆ ಆಕ್ಸಿಜನ್ ಕಂಡು ಪೆಟ್ರೋಲ್ ಸಾಲದೆಂದು ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಹೇಳುತ್ತದೆ. ಇಸಿಯು ಸುರಿಯುತ್ತಲೇ ಹೋಗುತ್ತದೆ. ಪ್ಲಗ್ ಬಿಚ್ಚಿದರೆ ಒಣ ಮಸಿ, ಹಿಂದೆ ಪೆಟ್ರೋಲ್ ವಾಸನೆ, ಸ್ಕ್ಯಾನರಿನಲ್ಲಿ ಮಾತ್ರ ಲೀನ್. ಇದನ್ನು ಕಂಡರೆ ಇಂಜೆಕ್ಟರ್, ಫ್ಯೂಯಲ್ ಪಂಪಿಗೆ ದುಡ್ಡು ಸುರಿಯುವ ಮೊದಲು ಹೆಡರ್ ನೋಡಿ.

ಎಂಜಿನ್ ಪೂರ್ತಿ ಕಾದ ಮೇಲೆ ಎರಡೂ ಬ್ಯಾಂಕಿನ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿದೆ ಅಥವಾ ತಗ್ಗಿಸಿದೆ ಎಂಬ ಅಂಕಿ) ಬರೆದುಕೊಳ್ಳಿ, ಐಡ್ಲಿಂಗಿನಲ್ಲೊಮ್ಮೆ, 2500 ಆರ್‌ಪಿಎಂನಲ್ಲೊಮ್ಮೆ. ಎರಡೂ ಬ್ಯಾಂಕು ಐಡ್ಲಿಂಗಿನಲ್ಲಿ ಹೆಚ್ಚಿದ್ದು 2500ರಲ್ಲಿ ಇಳಿದರೆ ಇಂಟೇಕ್ ಕಡೆ ಗಾಳಿ ಲೀಕ್. ಆರ್‌ಪಿಎಂ ಹೆಚ್ಚಿದಂತೆ ಎರಡೂ ಏರಿದರೆ ಪೆಟ್ರೋಲ್ ಒತ್ತಡ ಅಥವಾ ಏರ್ ಫ್ಲೋ ಸೆನ್ಸರ್. ಒಂದೇ ಬ್ಯಾಂಕು ಶೇಕಡಾ 10 ದಾಟಿ ಇನ್ನೊಂದು ಸೊನ್ನೆಯ ಆಸುಪಾಸಿನಲ್ಲಿದ್ದರೆ ಆ ಬದಿಯ ಹೆಡರ್ ಮೇಲೇ ಮೊದಲ ಅನುಮಾನ.

ಒಂದು ಬ್ಯಾಂಕ್ ಧನದ ಕೊನೆಗೂ ಇನ್ನೊಂದು ಋಣದ ಕೊನೆಗೂ ಓಡಿಹೋಗಿದ್ದರೆ ಲೀಕ್ ಹುಡುಕುವುದನ್ನೇ ನಿಲ್ಲಿಸಿ. ಎರಡು ಸೆನ್ಸರುಗಳ ವೈರ್ ಅದಲುಬದಲಾಗಿದೆ. ಉದ್ದ ಹೆಡರ್ ಹಾಕಿದಾಗ ಸೆನ್ಸರ್ ಹಿಂದಕ್ಕೆ ಹೋಗಿ, ಎಕ್ಸ್‌ಟೆನ್ಷನ್ ವೈರ್ ಹಾಕಬೇಕಾಗುತ್ತದೆ. ಗೇರ್‌ಬಾಕ್ಸ್ ಮೇಲೆ ಎರಡೂ ಒಟ್ಟಿಗೆ ಹಾಯುವಾಗ ಎಡ ಬಲ ತಪ್ಪುವುದು ಬಹಳ ಸುಲಭ. ಎಡದ ಸೆನ್ಸರ್ ಬಲ ಬ್ಯಾಂಕಿಗೆ ಆಜ್ಞೆ ಕೊಡುತ್ತದೆ, ಬಲದ್ದು ಎಡಕ್ಕೆ. ಇಬ್ಬರೂ ಒಬ್ಬರ ತಪ್ಪನ್ನು ಇನ್ನೊಬ್ಬರ ಮೇಲೆ ತಿದ್ದುತ್ತ ಹೋಗಿ ಕೊನೆ ಮುಟ್ಟುತ್ತಾರೆ.

ಸೆನ್ಸರನ್ನು ಕಲೆಕ್ಟರಿನಲ್ಲಿ, ನಾಲ್ಕೂ ಕೊಳವೆಯ ಹೊಗೆ ಬೆರೆತ ಮೇಲಿನ ಜಾಗದಲ್ಲಿ ಹಾಕಬೇಕು. ಅಡ್ಡಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲಕ್ಕಿರಲಿ, ಇಲ್ಲದಿದ್ದರೆ ತಣ್ಣಗಿನ ಪೈಪಿನ ನೀರು ಅದರೊಳಗೆ ನಿಂತು, ಕಾದಾಗ ಒಳಗಿನ ಪಿಂಗಾಣಿ ಸೀಳುತ್ತದೆ. ಆಕ್ಸಲರೇಟರ್ ಬಿಟ್ಟಾಗ ಹಿಂದಿನಿಂದ ಪಟಪಟ ಸಿಡಿಯುವುದೂ ಕಲೆಕ್ಟರ್ ಜಾಯಿಂಟಿನಲ್ಲಿ ಗಾಳಿ ಸೇರುವುದರ ಗುರುತು.

ಕೊಳವೆಯ ಬಿಸಿ ಹೋಲಿಸಿ ಉರಿಯದ ಸಿಲಿಂಡರ್ ಹಿಡಿಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಉಪಯೋಗಿಸುವವರು ಒಂದು ಎಚ್ಚರ ವಹಿಸಬೇಕು. ಹೊಳೆಯುವ ಸ್ಟೇನ್‌ಲೆಸ್ ಮೇಲೆ ಅದು ನಿಜಕ್ಕಿಂತ ತೀರಾ ಕಡಿಮೆ ತೋರಿಸುತ್ತದೆ. ಪ್ರತಿ ಕೊಳವೆಗೂ ಫ್ಲ್ಯಾಂಜಿನಿಂದ 50 ಮಿಲಿಮೀಟರ್ ಕೆಳಗೆ ಶಾಖ ತಡೆಯುವ ಕಪ್ಪು ಬಣ್ಣದ ಚುಕ್ಕಿ ಇಟ್ಟು, ಎಂಟನ್ನೂ ಅಲ್ಲೇ ಅಳೆಯಿರಿ.

ಶಾಖದ ಕಾಟ

ಎಲ್‌ಎಸ್‌ನ ಸೆಲ್ಫ್ ಮೋಟರ್ ಬಲಬದಿಯಲ್ಲಿ, ಹೆಡರಿನ ಮಗ್ಗುಲಲ್ಲೇ ಇದೆ. ತಣ್ಣಗಿದ್ದಾಗ ಒಳ್ಳೆಯ ತಿರುಗುವಿಕೆ, ಬಿಸಿಯಾದ ಮೇಲೆ ಬರೀ ಕಟ್ ಎಂಬ ಸದ್ದು, ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ. ತಾಮ್ರದ ರೋಧ ಪ್ರತಿ 100 ಡಿಗ್ರಿಗೆ ಸುಮಾರು ಶೇಕಡಾ 39 ಏರುತ್ತದೆ. ಸೊಲೆನಾಯ್ಡ್ ಸುರುಳಿಗೆ ಎಳೆಯಲು ಬೇಕಾದ ಕರೆಂಟು ಸಿಗುವುದಿಲ್ಲ. ಹೊಸ ಸೆಲ್ಫ್ ತರುವ ಮೊದಲು, ದೋಷ ಕಾಣಿಸಿಕೊಂಡಿರುವಾಗಲೇ ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿಯ ಪ್ಲಸ್‌ನಿಂದ ಸೆಲ್ಫಿನ ದಪ್ಪ ಟರ್ಮಿನಲಿಗೆ, ಕೀ ತಿರುಗಿಸಿದಾಗ 0.5 ವೋಲ್ಟಿಗಿಂತ ಹೆಚ್ಚು ಬೀಳಬಾರದು. ಬ್ಯಾಟರಿಯ ಮೈನಸ್‌ನಿಂದ ಬ್ಲಾಕಿಗೆ 0.3. ಹಳೆ ಕಾರಿನ ಬಣ್ಣ ಬಳಿದ ಷಾಸಿಗೆ ಕಟ್ಟಿದ ಅರ್ತ್ ವೈರೇ ತಪ್ಪಿತಸ್ಥ ಎಂದು ಗೊತ್ತಾಗುವುದು ಆಗಲೇ. ವೈರಿಂಗ್ ಸರಿಯಿದ್ದರೆ ಸೆಲ್ಫಿಗೆ ಶಾಖ ತಡೆಯುವ ಹೊದಿಕೆ ಹಾಕಿ, ಕೇಬಲನ್ನು ಕೊಳವೆಯಿಂದ ದೂರ ಸರಿಸಿ ಕಟ್ಟಿ.

ಪ್ಲಗ್ ವೈರಿನ ಬೂಟ್ ಕೊಳವೆಯಿಂದ 25 ಮಿಲಿಮೀಟರ್ ದೂರವಿರಬೇಕು. ಆಗದಿದ್ದರೆ ಪಿಂಗಾಣಿ ಬೂಟ್. ಒಂದು ಸಿಲಿಂಡರ್ ಆಗಾಗ ಮಿಸ್ ಹೊಡೆಯುತ್ತಿದ್ದರೆ ರಾತ್ರಿ ಬಾನೆಟ್ ತೆರೆದು ನೋಡಿ, ಬೂಟಿನಿಂದ ಕೊಳವೆಗೆ ನೀಲಿ ಕಿಡಿ ಹಾರುವುದು ಕತ್ತಲಲ್ಲಿ ಕಾಣುತ್ತದೆ. ಹೆಡರಿಗೆ ಬಟ್ಟೆಯ ಪಟ್ಟಿ ಸುತ್ತುವುದನ್ನು, ಲೀಕುಗಳೆಲ್ಲ ಮುಗಿಯುವ ತನಕ ಮುಂದೂಡಿ. ಸುತ್ತಿದ ಮೇಲೆ ಬಿರುಕು ಕಾಣುವುದಿಲ್ಲ. ಮೈಲ್ಡ್ ಸ್ಟೀಲಿನಲ್ಲಾದರೆ ಪಟ್ಟಿ ನೀರು ಹಿಡಿದಿಟ್ಟು ತುಕ್ಕನ್ನೂ ಬೆಳೆಸುತ್ತದೆ.

ಕಾರಿನೊಳಗೆ ಹೊಗೆ ವಾಸನೆ ಬಂದರೆ ಹೆಡರ್ ಒಂದನ್ನೇ ದೂರಬೇಡಿ. ಎಂಜಿನ್ ಬದಲಿಸುವಾಗ ತೆಗೆದ ಹೀಟರ್ ಪೈಪು, ಕ್ಲಚ್ ರಾಡು, ಹಳೆ ವೈರಿಂಗಿನ ತೂತುಗಳು ಫೈರ್‌ವಾಲಿನಲ್ಲಿ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆಯಲ್ಲಿ) ಬಾಯಿ ತೆರೆದುಕೊಂಡೇ ಇರುತ್ತವೆ. ಕತ್ತಲಲ್ಲಿ ಬಾನೆಟ್ ಕೆಳಗೆ ಟಾರ್ಚ್ ಉರಿಸಿಟ್ಟು, ಒಳಗೆ ಕೂತು ಡ್ಯಾಶ್‌ಬೋರ್ಡ್ ಕೆಳಗೆ ನೋಡಿ. ಬೆಳಕು ಬಂದ ಕಡೆಯಿಂದಲೇ ಹೊಗೆಯೂ ಬರುವುದು. ಎಲ್ಲವನ್ನೂ ಮುಚ್ಚಿ, ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಓಡಿಸಿ. ಮಕ್ಕಳು ಕೂರುವುದು ಅಲ್ಲೇ.

ಅಂಬಾಸಿಡರಿಗೆ ಇಸುಝು 1.8 ಕೂರಿಸುವವರಿಗೂ ಸದ್ದು ಹುಡುಕುವ, ಗ್ಯಾಸ್ಕೆಟ್ ಓದುವ, ಹಿಟ್ಟಿನಿಂದ ಅಳೆಯುವ ಕ್ರಮ ಇದೇ. ಟಾರ್ಕಿನ ಅಂಕಿಗಳನ್ನು ಮಾತ್ರ ಆ ಎಂಜಿನ್ನಿನ ಕೈಪಿಡಿಯಿಂದಲೇ ತೆಗೆದುಕೊಳ್ಳಿ.

ಎಲ್ಲ ಸೇರಿಸಿದ ಮೇಲೆ ಮೊದಲ ಓಟಕ್ಕೆ ಹೊಸ ಹೆಡರ್ ಹೊಗೆಯಾಡುತ್ತದೆ. ಅದು ಕಾರ್ಖಾನೆಯ ಎಣ್ಣೆ, ಹದಿನೈದು ಇಪ್ಪತ್ತು ನಿಮಿಷದಲ್ಲಿ ನಿಲ್ಲುತ್ತದೆ. ಎಂಜಿನ್ ರಾತ್ರಿಯಿಡೀ ತಣಿಯಲಿ. ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಹನ್ನೆರಡೂ ಬೋಲ್ಟನ್ನು ನಡುವಿನಿಂದ ತುದಿಗೆ 25 ನ್ಯೂಟನ್ ಮೀಟರಿಗೆ ಮತ್ತೊಮ್ಮೆ ನೋಡಿ. ಬಿಸಿಯಿರುವಾಗ ಮುಟ್ಟಬೇಡಿ: ಹಿಗ್ಗಿದ ಅಲ್ಯೂಮಿನಿಯಂ ಮೇಲೆ ರೆಂಚ್ ತೋರುವ ಅಂಕಿ ತಣಿದ ಮೇಲೆ ಉಳಿಯುವುದಿಲ್ಲ, ಥ್ರೆಡ್ ಕಿತ್ತುಬರುವುದೂ ಆಗಲೇ. ಯಾವುದಾದರೂ ಬೋಲ್ಟ್ ಕಾಲು ಸುತ್ತಿಗಿಂತ ಹೆಚ್ಚು ತಿರುಗಿದರೆ ಅದಕ್ಕೆ ಬಣ್ಣದ ಗುರುತು ಹಾಕಿ, ಇನ್ನೊಂದು ಓಟದ ನಂತರ ಅದನ್ನೇ ನೋಡಿ. ಎರಡನೆಯ ಸಲವೂ ಅದೇ ಬೋಲ್ಟ್ ಸಡಿಲಾಗಿದ್ದರೆ ಬಿಚ್ಚಿ, ಅಲ್ಲಿನ ಫ್ಲ್ಯಾಂಜಿಗೆ ಮತ್ತೆ ಉಕ್ಕಿನ ಪಟ್ಟಿ ಇಟ್ಟು ಅಳೆಯಿರಿ.